ಹಳೇಬೀಡು ಕೋಟೆ: ನಮ್ಮ ಹೊಲದ ಮೂಲೆಯಲ್ಲಿದ್ದ ಕೊತ್ತಲ ಎಲ್ಲಿ ಹೋಯಿತು?

ಕೆರೆಕೋಡಿ | ಭಾನುವಾರ, ಬೆಳಿಗ್ಗೆ 7:40

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರ ದೇವಾಲಯ ನೋಡುತ್ತಾರೆ, ಪುರುಸೊತ್ತಿದ್ದರೆ ಬಸ್ತಿಹಳ್ಳಿಯ ಬಸದಿಗಳಿಗೂ ಹೋಗುತ್ತಾರೆ, ಎಳನೀರು ಕುಡಿದು ಬೇಲೂರಿನ ಬಸ್ಸು ಹತ್ತುತ್ತಾರೆ. ಇಡೀ ಊರನ್ನು ಒಂದು ಕಲ್ಲುಕೋಟೆ ಸುತ್ತುವರಿದಿತ್ತು, ಅದರ ತುಂಡುಗಳು ಇವತ್ತಿಗೂ ಹೊಲಗಳ ನಡುವೆ ನಿಂತಿವೆ ಎಂದರೆ ಹೌದೇ ಎಂದು ಕೇಳುತ್ತಾರೆ. ನಮ್ಮ ತಾತನ ಹೊಲ ಅಂಥ ಒಂದು ತುಂಡಿಗೆ ಒತ್ತಿಕೊಂಡಿದೆ.

ನಾನು ಚಿಕ್ಕವನಾಗಿದ್ದಾಗ ಗೋಡೆ ಹೊರಳುವ ಜಾಗದಲ್ಲಿ ಒಂದು ದಿಬ್ಬವಿತ್ತು. ಎರಡಾಳೆತ್ತರ ಇರಬಹುದು. ಮೇಲೆ ಒಂದು ಮುದಿ ಹೊಂಗೆ ಮರ, ಬುಡದಲ್ಲಿ ಕಳ್ಳಿ. ಮನೆಯಲ್ಲಿ ಎಲ್ಲರೂ ಅದನ್ನು ಬತೇರಿ ಎನ್ನುತ್ತಿದ್ದರು. ಆಲೂಗೆಡ್ಡೆ ಕೀಳುವ ದಿನಗಳಲ್ಲಿ ಬುತ್ತಿ ಬಿಚ್ಚುತ್ತಿದ್ದದ್ದು ಅದರ ನೆರಳಿನಲ್ಲಿಯೇ. ಕೆಲವು ವರ್ಷ ಆ ಕಡೆ ಹೋಗಿರಲಿಲ್ಲ. ದೀಪಾವಳಿಗೆ ಊರಿಗೆ ಹೋದವನು ಹೊಲದ ಕಡೆ ನಡೆದರೆ ದಿಬ್ಬವೂ ಇಲ್ಲ, ಮರವೂ ಇಲ್ಲ. ಆ ಜಾಗದಲ್ಲಿ ರಾಗಿ ತೆನೆ ಬಿಟ್ಟಿದೆ. ದೊಡ್ಡಪ್ಪನನ್ನು ಕೇಳಿದೆ. "ಎಲ್ಲಿತ್ತು ಅದು? ನೀನು ಬೇರೆ ಯಾರದೋ ಹೊಲ ನೆನೆಸಿಕೊಂಡಿರಬೇಕು" ಎಂದು ಹಟ್ಟಿಯ ಕಡೆ ಹೊರಟುಬಿಟ್ಟರು.

ನನಗೆ ಕನಸು ಬಿದ್ದಿಲ್ಲ. ಅದು ಕೋಟೆಯ ಕಾವಲು ಗೋಪುರವೇ ಆಗಿತ್ತೇ? ಇಲ್ಲವಾದ ಮೇಲೆ ಅದನ್ನು ತಿಳಿಯುವ ದಾರಿ ಇದೆಯೇ? ಬಲ್ಲವರು ತಿಳಿಸಿ.

ಹಾದಿಹೋಕ | ಭಾನುವಾರ, ಬೆಳಿಗ್ಗೆ 8:15

ಇದರಲ್ಲಿ ಕೇಳುವುದೇನಿದೆ? ಮಲಿಕ್ ಕಾಫರ್ ಬಂದಾಗ ಕೋಟೆಯೆಲ್ಲ ನೆಲಸಮವಾಯಿತು. ಶಾಲೆಯಲ್ಲಿಯೇ ಓದಿದ್ದೇವೆ.

ಕೆರೆಕೋಡಿ | ಭಾನುವಾರ, ಬೆಳಿಗ್ಗೆ 8:22

ಸ್ವಾಮಿ, ನಾನು ಅದರ ಮೇಲೆ ಕುಳಿತು ಮುದ್ದೆ ಉಂಡಿದ್ದೇನೆ. ನನಗೆ ಅಷ್ಟು ವಯಸ್ಸಾಗಿಲ್ಲ.

ಬಳಪದಕಲ್ಲು | ಭಾನುವಾರ, ಮಧ್ಯಾಹ್ನ 12:05

ಚಿಕ್ಕಮಗಳೂರಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಮಲಿಕ್ ಕಾಫರನ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಹೆಸರು ಸರಿಮಾಡಿಕೊಳ್ಳೋಣ.

ಬತೇರಿ ಎಂಬುದು ಹೊಯ್ಸಳರ ಕಾಲದ ಮಾತಲ್ಲ. ಫಿರಂಗಿಗಳನ್ನು ಸಾಲಾಗಿ ಇಡುವ ಜಾಗಕ್ಕೆ ಇಂಗ್ಲಿಷರು ಹೇಳುತ್ತಿದ್ದ ಬ್ಯಾಟರಿಯೇ ನಮ್ಮ ಬಾಯಲ್ಲಿ ಬತೇರಿಯಾಯಿತು. ಮಂಗಳೂರಿನ ಬೋಳೂರಿನಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತೇರಿ ಇದೆ, ಚಿತ್ರದುರ್ಗದ ಬೆಟ್ಟದ ಮೇಲೂ ಬತೇರಿಗಳಿವೆ. ದೋರಸಮುದ್ರದ, ಅಂದರೆ ಹೊಯ್ಸಳರ ರಾಜಧಾನಿಯಾಗಿದ್ದ ಇದೇ ಹಳೇಬೀಡಿನ, ಗೋಡೆ ಎದ್ದಾಗ ಈ ನಾಡಿನಲ್ಲಿ ಫಿರಂಗಿಯೇ ಇರಲಿಲ್ಲ. ನಿಮ್ಮ ಮನೆಯವರು ಹಳೆಯ ವಸ್ತುವಿಗೆ ಹೊಸ ಹೆಸರು ಅಂಟಿಸಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಗೋಡೆಯಿಂದ ಹೊರಕ್ಕೆ ಚಾಚಿಕೊಂಡು ಗೋಡೆಯ ಭಾಗವಾಗಿಯೇ ಇರುವುದು ಕೊತ್ತಲ. ಕೋಟೆ ಕೊತ್ತಲ ಎಂದು ಜೋಡಿಯಾಗಿ ಹೇಳುವುದು ಅದಕ್ಕೇ. ಹಳಗನ್ನಡದವರು ಅಟ್ಟಳೆ ಎನ್ನುತ್ತಿದ್ದರು. ಇನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಊರ ನಡುವೆ ಒಂಟಿಯಾಗಿ ನಿಂತಿರುವ ಗುಂಡನೆಯ ಹುಡೇವು ಬೇರೆಯದೇ ಜಾತಿ. ಗೋಡೆ ಹೊರಳುವ ಮೂಲೆ ಎನ್ನುತ್ತೀರಾದ್ದರಿಂದ ನಿಮ್ಮದು ಕೊತ್ತಲವೇ ಇರಬೇಕು. ಮೂಲೆಯನ್ನು ಬೋಳಾಗಿ ಬಿಟ್ಟ ಕೋಟೆ ಶತ್ರುವಿಗೆ ಬಾಗಿಲು ತೆರೆದಿಟ್ಟ ಹಾಗೆ.

ಅನುಮಾನಪ್ಪ | ಭಾನುವಾರ, ಮಧ್ಯಾಹ್ನ 1:30

ಮೇಡಂ, ಒಂದು ಸಂದೇಹ. ಬೆಣ್ಣೆಗುಡ್ಡ ಪಕ್ಕದಲ್ಲೇ ಇದೆ. ಅದರ ನೆತ್ತಿಗೆ ಒಬ್ಬ ಕಾವಲುಗಾರನನ್ನು ಹತ್ತಿಸಿದರೆ ಸುತ್ತಲ ಸೀಮೆಯೆಲ್ಲ ಕಾಣುತ್ತದೆ. ಬಯಲಿನಲ್ಲಿ ಎರಡಾಳೆತ್ತರದ ದಿಬ್ಬ ಕಟ್ಟಿಕೊಂಡು ಯಾವ ದಂಡನ್ನು ನೋಡುತ್ತಿದ್ದರು? ಹುತ್ತವೋ ಬಂಡೆಯೋ ಇದ್ದದ್ದಕ್ಕೆ ಮಕ್ಕಳು ಬತೇರಿ ಎಂದು ಹೆಸರಿಟ್ಟಿರಬಹುದು.

ಬಳಪದಕಲ್ಲು | ಭಾನುವಾರ, ಮಧ್ಯಾಹ್ನ 2:10

ಒಳ್ಳೆಯ ಪ್ರಶ್ನೆ. ದೂರ ನೋಡುವುದಕ್ಕೆ ಗುಡ್ಡವೇ ಸರಿ. ಕೊತ್ತಲ ಇರುವುದು ದೂರ ನೋಡಲಿಕ್ಕಲ್ಲ, ಕಾಲಬುಡ ನೋಡಲಿಕ್ಕೆ.

ನೆಟ್ಟಗಿರುವ ಗೋಡೆಯ ಮೇಲೆ ನೀವು ಬಿಲ್ಲು ಹಿಡಿದು ನಿಂತಿದ್ದೀರಿ ಎಂದುಕೊಳ್ಳಿ. ಶತ್ರು ಕಂದಕ ದಾಟಿ ಗೋಡೆಗೆ ಬೆನ್ನು ಒತ್ತಿ ನಿಂತುಬಿಟ್ಟರೆ ಅವನು ನಿಮಗೆ ಕಾಣುವುದೇ ಇಲ್ಲ. ನೋಡಬೇಕಾದರೆ ಕೋಟೆಯ ತೆನೆಯಿಂದ, ಅಂದರೆ ಗೋಡೆಯ ತಲೆಯ ಮೇಲಿನ ಹಲ್ಲುಹಲ್ಲಾದ ಅಂಚಿನಿಂದ, ಹೊರಕ್ಕೆ ಬಾಗಬೇಕು. ಬಾಗಿದರೆ ಕೆಳಗಿನಿಂದ ಬಂದ ಬಾಣ ಮುಖಕ್ಕೇ. ಗೋಡೆಯಿಂದ ನಾಲ್ಕು ಮಾರು ಹೊರಗೆ ಚಾಚಿದ ಕೊತ್ತಲ ಇದ್ದರೆ ಅಲ್ಲಿ ನಿಂತವನು ಪಕ್ಕಕ್ಕೆ ತಿರುಗಿ ಗೋಡೆಯ ಮೈಗುಂಟ ಬಾಣ ಬಿಡುತ್ತಾನೆ. ಒಂದು ಕೊತ್ತಲದವರು ಮುಂದಿನ ಕೊತ್ತಲದ ಬುಡ ಕಾಯುತ್ತಾರೆ, ಆ ಕೊತ್ತಲದವರು ಇವರ ಬುಡ ಕಾಯುತ್ತಾರೆ. ಎರಡರ ನಡುವಿನ ಅಂತರ ಬಾಣದ ಅಳವಿನೊಳಗೆ ಇರಬೇಕು, ಅಷ್ಟೇ ಲೆಕ್ಕ. ಒಂದು ಬಿದ್ದರೆ ಅಕ್ಕಪಕ್ಕದ ಎರಡೂ ಕುರುಡಾಗುತ್ತವೆ.

ಆ ಕಾಲದ ಕೊತ್ತಲಗಳು ಸಾಮಾನ್ಯವಾಗಿ ಚೌಕ. ಫಿರಂಗಿಗುಂಡು ಮೂಲೆಗೆ ಬಡಿದರೆ ಮೂಲೆ ಹಾರಿಹೋಗುತ್ತದೆ ಎಂದು ಕಂಡುಕೊಂಡ ಮೇಲೆ ಗುಂಡನೆಯ ಬುರುಜುಗಳು ಹೆಚ್ಚಾದವು. ಅದನ್ನೂ ದಾಟಿದ ಲೆಕ್ಕಾಚಾರ ನೋಡಬೇಕಾದರೆ ಸಕಲೇಶಪುರದ ಮಂಜರಾಬಾದಿಗೆ ಹೋಗಿ. ಟಿಪ್ಪು 1792ರಲ್ಲಿ ಮುಗಿಸಿದ ಎಂಟು ಮೂಲೆಯ ನಕ್ಷತ್ರಕೋಟೆ. ಅಲ್ಲಿ ಇಡೀ ಕೋಟೆಯೇ ಕೊತ್ತಲಗಳ ಉಂಗುರ. ಒಂದೇ ಜಿಲ್ಲೆಯಲ್ಲಿ ಎರಡು ಯುಗದ ಯುದ್ಧವಿದ್ಯೆ ಇದೆ, ನಾವು ಎರಡು ಕಡೆಯೂ ಸೆಲ್ಫಿ ತೆಗೆದುಕೊಂಡು ಬರುತ್ತೇವೆ.

ಬೆಳವಾಡಿಯವ | ಭಾನುವಾರ, ಸಂಜೆ 6:45

ದೂರ ನೋಡುವ ಮಾತು ಬಂದದ್ದರಿಂದ ನಮ್ಮೂರಿನ ಕಥೆಯೂ ಇರಲಿ. 1276ರಲ್ಲಿ ದೇವಗಿರಿಯ ಸೇವುಣರ ದಂಡನಾಯಕ ಸಾಳುವ ತಿಕ್ಕಮ ದೋರಸಮುದ್ರದ ಮೇಲೆ ಏರಿ ಬಂದಾಗ ಬೀಡು ಬಿಟ್ಟದ್ದು ನಮ್ಮ ಬೆಳವಾಡಿಯಲ್ಲಿ. ಹಳೇಬೀಡಿಗೆ 10–12 ಕಿಲೋಮೀಟರ್. ಹೊಯ್ಸಳರು ಅವನನ್ನು ಸೋಲಿಸಿ ದುಮ್ಮಿಯವರೆಗೆ ಅಟ್ಟಿದರು ಎಂದು ಹೊಯ್ಸಳ ಶಾಸನಗಳು ಹೇಳುತ್ತವೆ. ತಮಾಷೆಯೆಂದರೆ ದೋರಸಮುದ್ರವನ್ನು ಕೊಳ್ಳೆ ಹೊಡೆದು ಆನೆ ಕುದುರೆ ತಂದೆವು ಎಂದು ಸೇವುಣರ ಕಡೆಯವರೂ ಕಲ್ಲಿನಲ್ಲಿ ಕೆತ್ತಿಸಿಕೊಂಡಿದ್ದಾರೆ. ಸೋತವರು ಯಾರೂ ಶಾಸನ ಹಾಕಿಸುವುದಿಲ್ಲ ನೋಡಿ.

ಅನುಮಾನಪ್ಪನವರಿಗೆ ಒಂದು ಲೆಕ್ಕ. ನೆಲ ಮಟ್ಟಸವಾಗಿದ್ದರೆ 10 ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಸುಮಾರು 11 ಕಿಲೋಮೀಟರಿಗೆ ಸಿಗುತ್ತದೆ. ನಮ್ಮ ಸೀಮೆ ಮಟ್ಟಸವಲ್ಲ, ನಿಜ. ಆದರೂ ಅಷ್ಟು ದಂಡು ಎಬ್ಬಿಸುವ ಧೂಳಿಗೆ, ಒಲೆಯ ಹೊಗೆಗೆ ದಿಗಂತದ ಹಂಗಿಲ್ಲ.

ಹಾದಿಹೋಕ | ಭಾನುವಾರ, ರಾತ್ರಿ 9:10

ಕೊತ್ತಲದಿಂದ ಬೇಲೂರಿಗೆ ಸುರಂಗ ಇತ್ತು ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಅದನ್ನೂ ವಿಚಾರಿಸಿ.

ಚಾಣ | ಭಾನುವಾರ, ರಾತ್ರಿ 9:40

ಅಣ್ಣ, ಬೇಲೂರಿಗೆ 16 ಕಿಲೋಮೀಟರ್. ನಾನು ಕಲ್ಲಿನ ಕೆಲಸದವನು. ಅಷ್ಟು ಉದ್ದ ಕೊರೆದವರು ತೆಗೆದ ಮಣ್ಣು ಕಲ್ಲನ್ನೆಲ್ಲ ಎಲ್ಲಿ ಸುರಿದರು ಎಂದು ತೋರಿಸಿ, ಸುರಂಗವನ್ನು ನಾನು ಹುಡುಕಿಕೊಡುತ್ತೇನೆ. ಕರ್ನಾಟಕದ ಪ್ರತಿ ಕೋಟೆಯಿಂದಲೂ ಪಕ್ಕದ ಊರಿಗೆ ಒಂದು ಸುರಂಗ ಇದೆಯಂತೆ. ನಡೆದು ನೋಡಿದವನು ಮಾತ್ರ ಇದುವರೆಗೆ ಸಿಕ್ಕಿಲ್ಲ.

ಕೆರೆಕೋಡಿಯವರೇ, ನೀವು ಹೇಳುವ ದಿಬ್ಬ ಹೇಗೆ ಕರಗುತ್ತದೆ ಎಂಬುದನ್ನು ನಾನು ಹೇಳಬಲ್ಲೆ. ಆ ಗೋಡೆಯನ್ನು ಹತ್ತಿರದಿಂದ ನೋಡಿದ್ದೇನೆ. ದೇವಸ್ಥಾನಕ್ಕೆ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ, ಕೂದಲೆಳೆಯ ಕೆಲಸಕ್ಕೂ ಒಗ್ಗುತ್ತದೆ. ಕೋಟೆಗೆ ಅದು ಬೇಡ. ಅಲ್ಲಿರುವುದು ಒರಟು ಕಗ್ಗಲ್ಲು, ಒಂದೊಂದೂ ಒಬ್ಬಿಬ್ಬರಿಂದ ಮಿಸುಕದಂಥದ್ದು. ನಡುವೆ ಗಾರೆ ಇಲ್ಲ. ಒಂದರ ಭಾರ ಇನ್ನೊಂದನ್ನು ಹಿಡಿದಿರುತ್ತದೆ, ಹಿಂದೆ ಮಣ್ಣು ತುಂಬಿರುತ್ತದೆ. ಹೊರಗೆ ಕಲ್ಲಿನ ಅಂಗಿ, ಒಳಗೆ ಮಣ್ಣಿನ ಮೈ.

ಅಂಗಿ ಬಿಚ್ಚಿದರೆ ಮುಗಿಯಿತು. ಮೇಲಿನ ಎರಡು ವರಸೆ ಕಲ್ಲು ಯಾರಾದರೂ ತೆಗೆದರೆ ಮಳೆನೀರು ನೇರವಾಗಿ ಮಣ್ಣಿಗೆ ಇಳಿಯುತ್ತದೆ, ಮಣ್ಣು ಉಬ್ಬಿ ಕೆಳಗಿನ ಕಲ್ಲುಗಳನ್ನು ಹೊರಕ್ಕೆ ನೂಕುತ್ತದೆ. ನೂಕಿ ಬಿದ್ದ ಕಲ್ಲನ್ನು ಹೊತ್ತೊಯ್ಯಲು ಮನಸ್ಸಾಕ್ಷಿಯೂ ಅಡ್ಡ ಬರುವುದಿಲ್ಲ, ಬಿದ್ದದ್ದು ತಾನೇ. ಕೊತ್ತಲಕ್ಕೆ ಮೂರು ಕಡೆ ಹೊರಮೈ ಇರುವುದರಿಂದ ಅದು ಗೋಡೆಗಿಂತ ಬೇಗ ಹೋಗುತ್ತದೆ. ಉಳಿಯುವುದು ದಿಬ್ಬ. ಅದರ ಮೇಲೆ ಹೊಂಗೆ ಹುಟ್ಟಿದೆ ಎಂದರೆ ಅಂಗಿ ಬಿಚ್ಚಿ ತುಂಬ ಕಾಲವಾಗಿತ್ತು.

ಬಳಪದಕಲ್ಲು | ಸೋಮವಾರ, ಬೆಳಿಗ್ಗೆ 6:50

ಮಲಿಕ್ ಕಾಫರನ ವಿಷಯಕ್ಕೆ ಬರುತ್ತೇನೆ ಎಂದಿದ್ದೆ. ಅವನ ದಂಡು ದೋರಸಮುದ್ರಕ್ಕೆ ಬಂದದ್ದು 1311ರ ಫೆಬ್ರವರಿಯಲ್ಲಿ. ಹೊಯ್ಸಳ ಅರಸ ಮೂರನೆಯ ಬಲ್ಲಾಳ ಆಗ ಪಾಂಡ್ಯರ ಅಣ್ಣತಮ್ಮಂದಿರ ಜಗಳದಲ್ಲಿ ಲಾಭ ಹುಡುಕಿಕೊಂಡು ತಮಿಳು ಸೀಮೆಗೆ ಹೋಗಿದ್ದ. ಓಡೋಡಿ ಬಂದು, ಗೆಲ್ಲುವಂತಿಲ್ಲ ಎಂದು ಕಂಡು, ಆನೆ ಕುದುರೆ ಸಂಪತ್ತು ಕೊಟ್ಟು ಸಂಧಿ ಮಾಡಿಕೊಂಡ. 1327ರ ಹೊತ್ತಿಗೆ ತುಘಲಕನ ದಂಡು ಮತ್ತೆ ಬಂತು. ನಗರ ಹಾಳಾಯಿತು, ಅರಸ ನೆಲೆ ಬದಲಿಸಿದ, ಎಲ್ಲವೂ ನಿಜ. ಆದರೆ ಅವಸರದಲ್ಲಿರುವ ದಂಡು ಕೊಳ್ಳೆ ಹೊಡೆಯುತ್ತದೆ, ಬಾಗಿಲು ಮುರಿಯುತ್ತದೆ, ಬೆಂಕಿ ಹಚ್ಚುತ್ತದೆ. ಗೋಡೆಗೋಡೆಯನ್ನೇ ಬಿಚ್ಚಿ, ಮಿಸುಕದ ಕಗ್ಗಲ್ಲನ್ನು ದೆಹಲಿಗೆ ಹೊತ್ತೊಯ್ಯುವುದಿಲ್ಲ.

ಆ ಮೇಲೆ ಊರು ಸಾಯಲೂ ಇಲ್ಲ. ಹಳೆಯ ಬೀಡು ಎಂದು ಕರೆಯುವುದಕ್ಕೆ ಅಲ್ಲಿ ಜನ ಇರಬೇಕಲ್ಲ? ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದ್ದಕ್ಕೆ ಜೈನರಿಗೂ ವೀರಶೈವರಿಗೂ ಜಗಳವಾಗಿ, ಹಿರಿಯರು ಕೂತು ರಾಜಿ ಮಾಡಿಸಿದ 1638ರ ಶಾಸನ ಹಳೇಬೀಡಿನದೇ. ತುಘಲಕನ ದಂಡು ಹೋಗಿ 300 ವರ್ಷವಾದ ಮೇಲೂ ಕಂಬಕ್ಕಾಗಿ ಜಗಳವಾಡುವಷ್ಟು ಜನ ಇದ್ದರು. ಅವರಿಗೆ ಮನೆ ಬೇಕಿತ್ತು, ಮನೆಗೆ ತಳಪಾಯ ಬೇಕಿತ್ತು. ಕೇದಾರೇಶ್ವರ ದೇವಾಲಯದ ಶಿಖರವನ್ನು ಬಿರಿಯಿಸಿದ್ದೂ ಯಾವ ದಂಡೂ ಅಲ್ಲ, ಅದರಲ್ಲಿ ಬೇರು ಬಿಟ್ಟ ಮರ. ಎಲ್ಲವನ್ನೂ ಮಲಿಕ್ ಕಾಫರನ ಖಾತೆಗೆ ಬರೆಯುವುದು ನಮಗೆ ಅನುಕೂಲ, ಅವನು ಬಂದು ಇಲ್ಲ ಎನ್ನುವುದಿಲ್ಲ.

ಇನ್ನೊಂದು ಮಾತು. ಅರಸರು "ದೋರಸಮುದ್ರದ ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ" ಆಳುತ್ತಿದ್ದರು ಎಂದು ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಮೂಲೆಯ ಕೊತ್ತಲದಲ್ಲಿ ಮಾಗಿಯ ಚಳಿಯಲ್ಲಿ ಸರದಿ ಕಾಯ್ದವನ ಸಂಕಥೆ ಮಾತ್ರ ಎಲ್ಲೂ ಕಾಣೆ.

ಸರಪಳಿ | ಸೋಮವಾರ, ಬೆಳಿಗ್ಗೆ 10:20

ನಾನು ನಿವೃತ್ತ ಭೂಮಾಪಕ. ಶಾಸನ ನನಗೆ ತಿಳಿಯದು, ಪಹಣಿ ತಿಳಿಯುತ್ತದೆ. ಕೆರೆಕೋಡಿಯವರು ಹೊಲದ ಪಹಣಿ ತೆಗೆದು ಖರಾಬು ಎಷ್ಟು ಎಂದು ಮೊದಲು ನೋಡಲಿ. ಸಾಗುವಳಿಗೆ ಬಾರದ ಜಾಗವನ್ನು ಅಳತೆಯವರು ಖರಾಬು ಎಂದು ಕಂದಾಯದಿಂದ ಕಳೆದುಬಿಡುತ್ತಿದ್ದರು. ಅದರಲ್ಲಿ ಅ ಖರಾಬು, ಬ ಖರಾಬು ಎಂದು ಎರಡಿವೆ. ಬಂಡೆ, ಕಲ್ಲುಗುಡ್ಡೆಯಂಥವು ಅ. ದಾರಿ, ಹಳ್ಳ, ಸಾರ್ವಜನಿಕರಿಗೆ ಸೇರಿದ್ದು ಬ. ದಿಬ್ಬ ಇದ್ದದ್ದೇ ನಿಜವಾದರೆ ಅಳತೆಯ ಸರಪಳಿ ಅದನ್ನು ಸುತ್ತಿಕೊಂಡೇ ಹೋಗಿರಬೇಕು.

ಕೆರೆಕೋಡಿ | ಸೋಮವಾರ, ರಾತ್ರಿ 8:30

ಸರ್, ಪಹಣಿ ನೋಡಿದೆ. 3 ಗುಂಟೆ ಖರಾಬು ಎಂದಿದೆ! ಇಷ್ಟು ದಿನ ಅದು ಏನೆಂದು ನಾವು ಯಾರೂ ಕೇಳಿಕೊಂಡಿರಲಿಲ್ಲ.

ಸರಪಳಿ | ಸೋಮವಾರ, ರಾತ್ರಿ 9:00

ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಚೌಕ ಒಂದು ಗುಂಟೆ, ಅಂದರೆ 1089 ಚದರ ಅಡಿ. ಮೂರು ಗುಂಟೆ 3267. ಚೌಕವಾಗಿ ಹರಡಿದರೆ ಒಂದೊಂದು ಬದಿ 57 ಅಡಿ. ಕುಸಿದು ಹರಡಿಕೊಂಡ ಕೊತ್ತಲಕ್ಕೆ ತಕ್ಕ ಅಳತೆಯೇ. ಆದರೆ ಪಹಣಿಯಲ್ಲಿ ಅಂಕಿ ಮಾತ್ರ ಇರುತ್ತದೆ, ಜಾಗ ಇರುವುದಿಲ್ಲ. ಹಳೆಯ ಟಿಪ್ಪಣಿಯ ನಕಲಿಗೆ ಅರ್ಜಿ ಹಾಕಿ. ಕೈಬರಹದ ಆ ನಕ್ಷೆಯಲ್ಲಿ ಖರಾಬನ್ನು ಹೊಲದ ಯಾವ ಮೂಲೆಯಲ್ಲಿ ಬಿಟ್ಟಿದ್ದಾರೆ ಎಂದು ತಿಳಿಯುತ್ತದೆ.

ಅನುಮಾನಪ್ಪ | ಸೋಮವಾರ, ರಾತ್ರಿ 9:25

ಬಂಡೆಗೂ 3 ಗುಂಟೆ ಖರಾಬು ಬಿಡುತ್ತಾರೆ ಎಂದು ನೀವೇ ಹೇಳಿದಿರಿ.

ಸರಪಳಿ | ಸೋಮವಾರ, ರಾತ್ರಿ 9:31

ಬಿಡುತ್ತಾರೆ. ಆದರೆ ಬಂಡೆ ಇದ್ದಿದ್ದರೆ ಇವತ್ತು ಅದರ ಮೇಲೆ ರಾಗಿ ಬೆಳೆಯುತ್ತಿರಲಿಲ್ಲ.

ಮೊರಗಿಡ | ಮಂಗಳವಾರ, ಬೆಳಿಗ್ಗೆ 5:55

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ತವರೂ ಅದೇ ಕಡೆಯದು, ಊರಿನ ಹೆಸರು ಬೇಡ. ಕೆರೆಕೋಡಿಯವರೇ, ನಿಮ್ಮ ದೊಡ್ಡಪ್ಪನಿಗೆ ಮರೆವು ಬಂದಿಲ್ಲ. ಅವರಿಗೆ ಹೆದರಿಕೆ.

ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಯಾವ ಕಟ್ಟಡವನ್ನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು ಇದನ್ನು ಬಿಗಿ ಮಾಡಿದರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಹಾಸನದಲ್ಲಿ ಸಿಹಿ ಹಂಚಿದರು. ನಮ್ಮ ಬೀದಿಯಲ್ಲಿ ಮಾತ್ರ ಜಗಲಿಗಳ ಮೇಲೆ ಬೇರೆ ಮಾತು ನಡೆಯುತ್ತಿತ್ತು. ಪಟ್ಟಿಗೆ ಸೇರಿದ್ದು ಹೊಯ್ಸಳೇಶ್ವರ ದೇವಾಲಯ, ನಮ್ಮ ಹೊಲವಲ್ಲ ಎಂದು ಎಷ್ಟು ಹೇಳಿದರೂ ನನ್ನ ಅಣ್ಣನಿಗೆ ನಿದ್ದೆ ಬರಲಿಲ್ಲ. ಮಗನಿಗೆ ಒಂದು ಕೋಣೆ ಎತ್ತಬೇಕೆಂದು ಇಟ್ಟಿಗೆ ತರಿಸಿದ್ದ. ಅಂಥ ಹೊತ್ತಿನಲ್ಲಿ ಹೊಲದಲ್ಲಿ ಕೊತ್ತಲ ಇದೆ ಎಂದು ಯಾರು ತಾನೇ ಬಾಯಿ ಬಿಡುತ್ತಾರೆ?

ಇತಿಹಾಸ ಬೇಕು ಎನ್ನುವವರು ಬೆಂಗಳೂರಿನಲ್ಲಿರುತ್ತೀರಿ. ಅದರ ಪಕ್ಕದಲ್ಲಿ ಮಲಗುವವರು ನಾವು. ಕೋಪಕ್ಕೆ ಹೇಳುತ್ತಿಲ್ಲ. ಸರ್ವೆ ನಂಬರನ್ನು ಮಾತ್ರ ಇಲ್ಲಿ ಹಾಕಬೇಡಿ.

ಕೆರೆಕೋಡಿ | ಮಂಗಳವಾರ, ಬೆಳಿಗ್ಗೆ 7:10

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ನಂಬರು ಹಾಕುವುದಿಲ್ಲ, ಚಿತ್ರವನ್ನೂ ಹಾಕುವುದಿಲ್ಲ.

ಬಳಪದಕಲ್ಲು | ಮಂಗಳವಾರ, ಸಂಜೆ 5:30

ಮೊರಗಿಡ ಹೇಳಿದ್ದಕ್ಕೆ ನನ್ನ ಬಳಿ ಉತ್ತರವಿಲ್ಲ. ತರಗತಿಯಲ್ಲಿ ಪರಂಪರೆ ಉಳಿಸಿ ಎಂದು ಪ್ರಬಂಧ ಬರೆಸುತ್ತೇನೆ. ಯಾರ ಹೊಲದಲ್ಲಿ ಎಂದು ಒಂದು ಮಗುವೂ ಕೇಳಿಲ್ಲ, ನಾನೂ ಹೇಳಿಲ್ಲ.

ಹುಡುಕುವ ದಾರಿಗೆ ಒಂದು ಸೇರಿಕೆ. ರಾಗಿ ಕೊಯ್ಯುವ ಮುಂಚೆ ಎತ್ತರದಿಂದ ಹೊಲವನ್ನು ನೋಡಿ. ನೆಲದಡಿ ಕಲ್ಲಿನ ತಳಪಾಯ ಉಳಿದಿದ್ದರೆ ಅದರ ಮೇಲಿನ ಪೈರಿಗೆ ಬೇರಿಳಿಸಲು ಜಾಗವಿರದೆ ಬೇಗ ಹಳದಿಗೆ ತಿರುಗುತ್ತದೆ. ಮುಚ್ಚಿಹೋದ ಕಂದಕದ ಮೇಲಿನ ಪೈರು ತೇವ ಕುಡಿದು ಹೆಚ್ಚು ದಿನ ಹಸಿರಾಗಿರುತ್ತದೆ. ಹಳೆಯ ಕಾಲದ ನೋಟ ಬೇಕಾದರೆ 1960ರಿಂದ 1972ರವರೆಗೆ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ತೆಗೆದ ಕರೋನಾ ಚಿತ್ರಗಳಿವೆ. 1995ರಲ್ಲಿ ಅವುಗಳ ಗೋಪ್ಯತೆ ತೆಗೆದರು.

ಕೆರೆಕೋಡಿ | ಮುಂದಿನ ಭಾನುವಾರ, ಮಧ್ಯಾಹ್ನ 3:15

ಊರಿಗೆ ಹೋಗಿದ್ದೆ. ಎತ್ತರ ಎಂದರೆ ನಮ್ಮಲ್ಲಿ ತೆಂಗಿನ ಮರ. ಕಾಯಿ ಕೀಳಲು ಬಂದವನ ಕೈಗೆ ನನ್ನ ಮೊಬೈಲ್ ಕೊಟ್ಟು, ಕೊರಳಿಗೆ ಕಟ್ಟಿ, ಹತ್ತಿದ ಮೇಲೆ ಹೊಲದ ಚಿತ್ರ ತೆಗೆ ಎಂದೆ. ಅವನು ಹನ್ನೊಂದು ಚಿತ್ರ ತೆಗೆದಿದ್ದ. ಎಂಟರಲ್ಲಿ ಅವನ ಹೆಬ್ಬೆರಳು. ಉಳಿದ ಮೂರರಲ್ಲಿ ಮೂಲೆಯ ರಾಗಿ ಮಾತ್ರ ಬಿಳಚಿಕೊಂಡಿರುವುದು ಕಾಣುತ್ತದೆ. ಸುಮಾರಾಗಿ ಚೌಕ. ಕೆಳಗಿಳಿದ ಮೇಲೆ ಹೆಜ್ಜೆ ಹಾಕಿ ಎಣಿಸಿದೆ, ಒಂದು ಬದಿ ಇಪ್ಪತ್ತೆರಡು ಹೆಜ್ಜೆ.

ಅನುಮಾನಪ್ಪ | ಭಾನುವಾರ, ಮಧ್ಯಾಹ್ನ 3:40

ಕಣ ಇದ್ದಿರಬಹುದು. ಸಗಣಿ ಸಾರಿಸಿ, ರೋಣಗಲ್ಲು ಉರುಳಿಸಿ ಗಟ್ಟಿಯಾದ ನೆಲದಲ್ಲಿ ಎಷ್ಟು ವರ್ಷವಾದರೂ ಪೈರು ಸೊರಗುತ್ತದೆ.

ಚಾಣ | ಭಾನುವಾರ, ಸಂಜೆ 4:05

ಕಣ ಗುಂಡಗಿರುತ್ತದೆ ಅನುಮಾನಪ್ಪನವರೇ. ಚೌಕ ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತು ಮೂಲೆಮೂಲೆಗೆ ನಿಂತು ಯೋಚನೆ ಮಾಡಬೇಕಾಗುತ್ತದೆ.

ಅನುಮಾನಪ್ಪ | ಭಾನುವಾರ, ಸಂಜೆ 4:20

ಒಪ್ಪಿದೆ. ಯಂತ್ರ ಓಡಾಡಿ ನೆಲ ಗಟ್ಟಿಯಾಗಿರುವ ಸಾಧ್ಯತೆಯನ್ನು ಮಾತ್ರ ಕೈಬಿಡುವುದಿಲ್ಲ.

ಚಾಣ | ಭಾನುವಾರ, ಸಂಜೆ 4:35

ಅದೂ ಇರಬಹುದು. ನೆಲವನ್ನು ಬಿಡಿ, ಮನೆಯನ್ನು ನೋಡಿ. ಅಷ್ಟು ದೊಡ್ಡ ಕಲ್ಲುಗಳು ಬಹಳ ದೂರ ಹೋಗುವುದಿಲ್ಲ. ತಾತನ ಕಾಲದ ಮನೆಯ ತಳಪಾಯ, ಬಾವಿಯ ಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಹಟ್ಟಿಯ ಮೆಟ್ಟಿಲು ಇವುಗಳ ಅಂಚು ನೋಡಿ. ಬೆಣೆ ಹೊಡೆದು ಸೀಳಿದ ಕಲ್ಲಿನ ಅಂಚಿನಲ್ಲಿ ಅರ್ಧರ್ಧ ಗುಳಿಗಳು ಹಲ್ಲಿನ ಸಾಲಿನಂತೆ ಉಳಿಯುತ್ತವೆ. ಉಳಿಯಿಂದ ಕಡಿದ ಹಳೆಯ ಗುಳಿ ಉದ್ದುದ್ದ ಚೌಕ. ಯಂತ್ರದ ಕೊರೆತ ಗುಂಡಗೆ, ಕೊಳವೆಯನ್ನು ಸೀಳಿದ ಹಾಗೆ. ಒಂದೇ ಕಲ್ಲಿನಲ್ಲಿ ಎರಡೂ ಇದ್ದರೆ ಹಳೆಯ ಕಲ್ಲನ್ನು ತಂದು ನಮ್ಮ ಕಾಲದಲ್ಲಿ ಮತ್ತೆ ಸೀಳಿದ್ದಾರೆ ಎಂದೇ ಅರ್ಥ.

ಕೆರೆಕೋಡಿ | ಭಾನುವಾರ, ರಾತ್ರಿ 10:50

ಚಾಣ ಹೇಳಿದ್ದನ್ನು ಓದಿದಾಗ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆಯೇ ಕೂತಿದ್ದೆ. ಎದ್ದು ಟಾರ್ಚು ಹಿಡಿದು ಬಗ್ಗಿದೆ. ಉದ್ದ ಐದು ಅಡಿ, ದಪ್ಪ ಒಂದೂವರೆ ಅಡಿ. ಒಂದು ಅಂಚಿನಲ್ಲಿ ಸವೆದುಹೋದ ಚೌಕ ಗುಳಿಗಳು ನಾಲ್ಕು. ಎದುರು ಅಂಚಿನಲ್ಲಿ ಗುಂಡನೆಯ ಅರ್ಧಕೊಳವೆಗಳು ಮೂರು, ಇನ್ನೂ ಹೊಸದಾಗಿವೆ. ಇದರ ಇನ್ನರ್ಧ ಎಲ್ಲಿ ಎಂದು ಹುಡುಕುತ್ತ ಮನೆಯನ್ನು ಸುತ್ತಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಂಬಾಗಿಲ ಮೆಟ್ಟಿಲು. ನಲವತ್ತು ವರ್ಷ ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗಿದ್ದೇನೆ.

ಅಳತೆಪಟ್ಟಿ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದಾಗ ದೊಡ್ಡಪ್ಪ ಜಗಲಿಗೆ ಬಂದರು. ನಾನು ಏನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಅವರೇ ಹೇಳಿದರು: "ಕಲ್ಲು ನಿಮ್ಮ ತಾತ ತಂದದ್ದು, ಎರಡು ಜೊತೆ ಎತ್ತು ಕಟ್ಟಿ ಎಳೆಸಿದರು. ಈ ಮನೆ ಕಟ್ಟಿಸುವಾಗ ನಾನು ಸೀಳಿಸಿದೆ. ದಿಬ್ಬ ಹಾಗೆಯೇ ಇತ್ತು. ಶುಂಠಿಗೆ ಹೊಲ ಗುತ್ತಿಗೆ ಕೊಟ್ಟ ವರ್ಷ ಅವರು ಯಂತ್ರ ತಂದು ಸಮ ಮಾಡಿದರು, ಬೇಡ ಎನ್ನಬಹುದಿತ್ತು. ಆ ಹೊಂಗೆಯ ಸೌದೆ ಎರಡು ಮಳೆಗಾಲಕ್ಕೆ ಬಂತು."

ಆಮೇಲೆ ಕೇಳಿದರು: "ಯಾರಿಗಾದರೂ ಹೇಳಿದೆಯಾ?"

ನಿಮಗೆಲ್ಲ ಹೇಳಿದ್ದೇನೆ ಎಂದು ಹೇಗೆ ಹೇಳುವುದೆಂದು ತೋಚದೆ ಸುಮ್ಮನಿದ್ದೆ. ಅವರು ಒಳಗೆ ಹೋಗಿ ಊಟಕ್ಕೆ ಕರೆದರು. ಒಳಗೆ ಹೋಗಬೇಕಾದರೆ ಆ ಮೆಟ್ಟಿಲನ್ನೇ ತುಳಿಯಬೇಕಿತ್ತು.

ಮೊರಗಿಡ | ಭಾನುವಾರ, ರಾತ್ರಿ 11:20

ಈಗ ನಾನೂ ಎದ್ದು ನಮ್ಮ ಬಾವಿಕಟ್ಟೆ ನೋಡಿ ಬಂದೆ. ಚಾಣ ಅವರೇ, ಗುಳಿ ಚೌಕವೂ ಅಲ್ಲದೆ ಗುಂಡಗೂ ಅಲ್ಲದೆ ದೋಣಿಯ ಆಕಾರದಲ್ಲಿದ್ದರೆ ಅದು ಯಾವ ಕಾಲದ್ದು?